ಎದೆಮಟ್ಟ

ಅಳತೆಯ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದದ್ದು ಇದೇ ಮೊದಲು.

ಅತ್ತೆಯ ಮಗಳು ಜಯಮ್ಮ ಫೋನು ಮಾಡಿದ್ದಳು. "ಬಾವಾ, ಅಮ್ಮನ ಬಾವಿ ಮುಚ್ಚಿಸ್ತಾ ಇದೀವಿ. ಜೆಸಿಬಿಗೆ ಹೇಳಾಗಿದೆ, ಶುಕ್ರವಾರ ಬರ್ತದೆ. ನೀರಿಲ್ದೆ ಎಷ್ಟು ವರ್ಷ ಆಯ್ತು, ದನ ಕರ ಬಿದ್ರೆ ಯಾರಪ್ಪ ಜವಾಬ್ದಾರಿ? ನೋಡೋದಿದ್ರೆ ಅಷ್ಟರೊಳ್ಗೆ ಬಂದ್ಹೋಗು."

ನನಗೆ ನೋಡುವುದಕ್ಕಿಂತ ಅಳೆಯುವುದಿತ್ತು. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವಾಗ ಆ ಬಾವಿಯ ಕತೆಯನ್ನು ಹುಡುಗರಿಗೆ ಪ್ರತಿವರ್ಷ ಹೇಳಿದ್ದೇನೆ. ಕತೆಯ ಕೊನೆಯಲ್ಲಿ ನಾನೊಂದು ಒಳ್ಳೆಯ ಕೆಲಸ ಮಾಡುತ್ತೇನೆ. ಅದಕ್ಕೆ ಒಂದೆರಡು ಸಲ ಚಪ್ಪಾಳೆಯೂ ಬಿದ್ದಿದೆ. ಆ ಕೆಲಸವನ್ನು ನಿಜವಾಗಿ ಮಾಡಿದ್ದೆನೋ, ಇಲ್ಲಾ ಹೇಳಿ ಹೇಳಿ ಮಾಡಿದವನಾದೆನೋ ಎಂಬ ಅನುಮಾನ ನಿವೃತ್ತನಾದ ಮೇಲೆ ಹತ್ತಿಕೊಂಡಿತು. ಬೇರೆಯವರ ಮಾತನ್ನು ಪುರಾವೆಯಿಲ್ಲದೆ ನಂಬದವನು ನನ್ನ ಮಾತನ್ನು ಯಾಕೆ ನಂಬಬೇಕು? ಪುರಾವೆ ಆ ಬಾವಿಯ ಗೋಡೆಯ ಮೇಲಿತ್ತು. ಶುಕ್ರವಾರದ ಹೊತ್ತಿಗೆ ಮಣ್ಣಿನಡಿ ಹೋಗುವುದರಲ್ಲಿತ್ತು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಶಿಡ್ಲಘಟ್ಟದ ರಸ್ತೆ ಹಿಡಿದಾಗ ನಮ್ಮ ಮುಂದೆ ಸರ್ವೆ ಮರ ಹೇರಿದ ಲಾರಿಯೊಂದು ತೆವಳುತ್ತಿತ್ತು. ಅದನ್ನು ದಾಟುವಷ್ಟರಲ್ಲಿ ಹಸಿ ಮರದ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಸ್ವಲ್ಪ ಒಗರು, ಸ್ವಲ್ಪ ಹುಳಿ, ಕೆಂಪು ತೊಗಟೆಯ ಧೂಳು. ಇಷ್ಟು ವರ್ಷವಾದರೂ ಆ ವಾಸನೆಗೆ ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ.

ಅದು ಅರವತ್ತೊಂದೋ ಅರವತ್ತೆರಡೋ, ಖಚಿತವಿಲ್ಲ. ನಯಾಪೈಸೆ ಬಂದು ಕೆಲವು ವರ್ಷವಾಗಿತ್ತು, ಆದರೂ ಜನ ಆಣೆಯಲ್ಲೇ ಮಾತಾಡುತ್ತಿದ್ದರು. ಅಂಗಡಿಗಳಲ್ಲಿ ಸೇರು ಹೋಗಿ ಕಿಲೋ ಬರುತ್ತಿತ್ತು. ತಕ್ಕಡಿಗಳಿಗೆ ಸರ್ಕಾರದ ಮುದ್ರೆ ಒತ್ತುವವರು ಸಂತೆಗೆ ಬಂದಿದ್ದರು, ಅದು ಚೆನ್ನಾಗಿ ನೆನಪಿದೆ. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ, ಹತ್ತಾರು ಕಡೆ ಅರ್ಜಿ ಹಾಕಿ, ಒಂದಕ್ಕೂ ಉತ್ತರ ಬಾರದೆ, ಸಂಕ್ರಾಂತಿಯ ಹೊತ್ತಿಗೆ ಅತ್ತೆಯ ಮನೆಗೆ ಬಂದು ಕೂತಿದ್ದೆ. ತಾಯಿ ಇಲ್ಲದ ನನ್ನನ್ನು ಬೆಳೆಸಿದವಳು ಪಿಳ್ಳಮ್ಮತ್ತೆ, ನನ್ನ ಅಪ್ಪನ ಅಕ್ಕ. ಎತ್ತರ ಐದಡಿಯೂ ಇಲ್ಲ. ನಾನು ಆರಡಿ ಎರಡಂಗುಲ. ನಮ್ಮಿಬ್ಬರನ್ನೂ ಜೊತೆಯಲ್ಲಿ ಕಂಡವರು ನಗದೆ ಮುಂದೆ ಹೋಗುತ್ತಿರಲಿಲ್ಲ.

ಗಂಡ ಸತ್ತ ಮೇಲೆ ಅತ್ತೆ ಶಿಡ್ಲಘಟ್ಟಕ್ಕೆ ರೇಷ್ಮೆ ನೂಲು ಬಿಚ್ಚುವ ಕೂಲಿಗೆ ಹೋಗುತ್ತಿದ್ದಳು. ಕುದಿಯುವ ನೀರಿನಲ್ಲಿ ಗೂಡುಗಳನ್ನು ತೇಲಿಸಿ, ಬೆರಳಲ್ಲೇ ಎಳೆ ಹುಡುಕಿ ಹಿಡಿದು ಚರಕಕ್ಕೆ ಏರಿಸುವ ಕೆಲಸ. ಸೋಮವಾರ ಹೋದವಳು ಶನಿವಾರ ಬರುತ್ತಿದ್ದಳು. ಬೆರಳ ತುದಿಗಳು ಬೆಂದ ಕಡಲೆಕಾಯಿ ಸಿಪ್ಪೆಯ ಹಾಗೆ ಬಿಳಿಚಿ ಸುಕ್ಕಾಗಿದ್ದವು. ಬಿಸಿ ತಣ್ಣಗೆ ತಿಳಿಯುತ್ತಿರಲಿಲ್ಲ, ಒಲೆಯಿಂದ ಹಂಚನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು.

ಅವಳಿಗಿದ್ದದ್ದು ಒಂದೂವರೆ ಎಕರೆ ಕೆಂಪು ಮಣ್ಣಿನ ಬೆದ್ದಲು. ಅದರಲ್ಲಿ ಸರ್ವೆ ಸಸಿ ನೆಟ್ಟು, ಎರಡು ಬೇಸಿಗೆ ಕುಂಟೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಒಂದೊಂದಕ್ಕೂ ಹಾಕಿದ್ದಳು. ಏಳು ವರ್ಷವಾಗಿತ್ತು. ಮರ ಮಾರಿದ ಹಣದಲ್ಲಿ ಅದೇ ಹೊಲದಲ್ಲಿ ಬಾವಿ ತೋಡಿಸುವುದು, ಹಿಪ್ಪುನೇರಳೆ ಹಾಕುವುದು, ಮನೆಯಲ್ಲೇ ಹುಳು ಸಾಕುವುದು, ಚರಕದ ಮುಂದೆ ಮತ್ತೆ ಕೂರದಿರುವುದು. ಅವಳ ತಲೆಯಲ್ಲಿದ್ದದ್ದು ಅಷ್ಟೇ. ಜಯಮ್ಮನಿಗೆ ಆಗ ಹತ್ತು ವರ್ಷ. ಚರಕದ ಮಾಲೀಕ ಅವಳನ್ನೂ ಕರೆದುಕೊಂಡು ಬಾ ಎಂದು ಕೇಳತೊಡಗಿದ್ದ. ಅತ್ತೆ ಅದನ್ನು ನನಗೆ ಹೇಳಿದ್ದು ಒಂದೇ ಸಲ. "ಈ ಬೇಸಿಗೇಲಿ ನೀರು ನೋಡ್ಬೇಕು ಕಣಪ್ಪ ನಾರಾಯಣಪ್ಪ. ಇಲ್ದಿದ್ರೆ ಅವಳ ಬೆರಳೂ ಹೋಯ್ತು."

ಸರ್ವೆ ಮಾರುವ ಪದ್ಧತಿ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಚಿಕ್ಕಬಳ್ಳಾಪುರದ ಮರದ ಮಂಡಿಯವರು ಬಂದು ತೋಪು ನೋಡುತ್ತಾರೆ. ಕಡಿಸುವ, ಸಾಗಿಸುವ ಖರ್ಚು ಅವರದು. ಬೆಂಗಳೂರಿನ ದರದಲ್ಲಿ ರೂಪಾಯಿಗೆ ಹತ್ತಾಣೆ ನೆಟ್ಟವರಿಗೆ, ಆರಾಣೆ ಮಂಡಿಯವರಿಗೆ. ಹತ್ತು ಮತ್ತು ಆರು ಎಂಬ ಈ ಪಾಲು ಯಾರ ಕಾಲದಿಂದಲೋ ಬಂದದ್ದು, ಅದನ್ನು ಯಾರೂ ಮುರಿಯುತ್ತಿರಲಿಲ್ಲ. ನಾನು ಕೂಡ ಎಷ್ಟು ನ್ಯಾಯವಾಗಿದೆ ಎಂದು ಮೆಚ್ಚಿಕೊಂಡಿದ್ದೆ. ಓದಿದ ಮೂರ್ಖ! ಪಾಲು ಸರಿಯಾಗಿಯೇ ಇತ್ತು. ಯಾವುದರ ಪಾಲು ಎಂದು ಕೇಳುವುದನ್ನು ಮೈಸೂರಿನಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.

ಮರಗಳನ್ನು ನಿಂತಲ್ಲೇ ಮೂರು ತರವಾಗಿ ವಿಂಗಡಿಸುತ್ತಿದ್ದರು. ಎರಡು ಗಂಟು ಹಾಕಿದ ಒಂದು ಸೆಣಬಿನ ಹುರಿ. ಅದನ್ನು ಮರಕ್ಕೆ ಎದೆಮಟ್ಟದಲ್ಲಿ ಸುತ್ತುವುದು. ದೂರದ ಗಂಟನ್ನೂ ಮೀರುವಷ್ಟು ದಪ್ಪವಿದ್ದರೆ ಅದು ಕಂಬ, ಜಾಜಿನ ಕೆಂಪು ಗೀಟು. ಹತ್ತಿರದ ಗಂಟನ್ನು ಮಾತ್ರ ಮೀರಿದರೆ ಗಳ, ಸುಣ್ಣದ ಬಿಳಿ ಗೀಟು. ಅದನ್ನೂ ಮೀರದಿದ್ದರೆ ಸೌದೆ, ಗೀಟೇ ಇಲ್ಲ. ಕಂಬದ ದರ ಗಳಕ್ಕಿಲ್ಲ, ಗಳದ ದರ ಸೌದೆಗೆ ಹತ್ತಿರಕ್ಕೂ ಇಲ್ಲ. ಸರ್ವೆ ಮರ ಬುಡದಿಂದ ಮೇಲಕ್ಕೆ ಹೋದ ಹಾಗೆ ಸಣ್ಣಗಾಗುತ್ತದೆ. ಹುರಿ ಒಂದಡಿ ಮೇಲೆ ಹೋದರೆ ಗಳವಾಗಬೇಕಾದ್ದು ಸೌದೆಯಾಗುತ್ತದೆ.

ನಮ್ಮ ಪಕ್ಕದ ತೋಪು ಮುನಿಶಾಮಪ್ಪನದು. ಅದನ್ನು ಅಳೆಯಲು ಮಂಡಿಯ ರಾಮಯ್ಯ ಬಂದಾಗ ಜೊತೆಗೊಬ್ಬ ಆಳನ್ನು ಕರೆತಂದಿದ್ದ. ಬಾಗಿಲಲ್ಲಿ ಬಗ್ಗದೆ ಒಳಗೆ ಬಾರದ ಮನುಷ್ಯ. ಊರಿನವರು ಅವನನ್ನು ತಾಟಿಚೆಟ್ಟು ಎನ್ನುತ್ತಿದ್ದರು, ತೆಲುಗಿನ ತಾಳೆಮರ. ಅವನು ಒಂದೊಂದು ಮರಕ್ಕೂ ಎದೆ ತಾಗಿಸಿ ನಿಂತು, ಎದೆಯ ನೇರಕ್ಕೆ ಹುರಿ ಸುತ್ತುತ್ತಿದ್ದ. ನೋಡುತ್ತ ನೋಡುತ್ತ ನನಗೆ ಅರ್ಥವಾಯಿತು. ಬೇರೆ ಕೆಲಸಕ್ಕೆ ಅವನನ್ನು ಇಟ್ಟುಕೊಂಡಿರಲೇ ಇಲ್ಲ, ಅವನ ಎದೆಗೇ ಸಂಬಳ.

ನಾನು ಬೇಲಿ ಹಾರಿ ಹೋಗಿ ಕೂಗಾಡಿದೆ. ಮುನಿಶಾಮಪ್ಪ ನನ್ನ ತೋಳು ಹಿಡಿದು, "ಬಿಡಪ್ಪ, ಯಾವಾಗ್ಲೂ ಇವನೇ ಅಳೆಯೋದು, ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯ" ಎಂದ. ರಾಮಯ್ಯ ಮಾತ್ರ ಕೋಪಿಸಿಕೊಳ್ಳಲಿಲ್ಲ. ಬಿಳಿ ಜುಬ್ಬದ, ಗುಂಡುಗುಂಡಗಿನ ಮನುಷ್ಯ, ಎಲೆಅಡಿಕೆ ಹಾಕಿಕೊಂಡೇ ಮಾತಾಡುತ್ತಿದ್ದ.

"ಎಮ್ಮೆ ಓದಿದೀರಂತೆ?"

"ಎಂ.ಎ."

"ಅದೇ ಸ್ವಾಮಿ, ಎಮ್ಮೆ. ಸರಿ, ನನ್ನ ಆಳ ಮೇಲೆ ನಿಮಗೆ ನಂಬಿಕೆ ಇಲ್ಲ. ನಿಮ್ಮತ್ತೆ ತೋಪಿಗೆ ಅವನು ಕಾಲಿಡೋದು ಬೇಡ. ನೀವೇ ಅಳೀರಿ. ಹುರಿ ನೀವೇ ತನ್ನಿ, ಗಂಟು ನೀವೇ ಹಾಕಿ, ಜಾಜು ಸುಣ್ಣ ನೀವೇ ಬಳೀರಿ. ಎದೆಮಟ್ಟ ಅಂತ ಒಂದು ಮಾತು ಇದ್ರೆ ಸಾಕು, ನೀವು ಅಳೆದಷ್ಟೇ ನನಗೆ ಒಪ್ಪಿಗೆ."

ಹಾಗೆ ಹೇಳುವಾಗ ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ನಕ್ಕ ಎಂದು ನಾನು ಕತೆಯಲ್ಲಿ ಹೇಳುತ್ತಿದ್ದೆ. ನಕ್ಕನೋ ಇಲ್ಲವೋ ಈಗ ಹೇಳಲಾರೆ. ನಕ್ಕಿದ್ದರೆ ನನಗೆ ಅಲ್ಲೇ ತಿಳಿಯಬೇಕಿತ್ತು. ಬಹುಶಃ ನಗು ನಾನು ಆಮೇಲೆ ಹಚ್ಚಿದ್ದು.

ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಅತ್ತೆಗೆ ಹೇಳಿದಾಗ ಅವಳು ಒಂದೇ ಮಾತು ಕೇಳಿದಳು, "ನೀನೇ ಅಳೀತೀಯಾ?"

"ಹ್ಞೂ. ಇಲ್ಲಾ ನೀನು ಅಳೀತೀಯಾ?"

"ನನ್ನ ಬೆರಳಿಗೆ ಗಂಟು ಎಲ್ಲಿ ತಿಳೀತದೆ? ನೀನೇ ಅಳಿ."

ಮೂರು ದಿನ ಅಳೆದೆ. ಎಷ್ಟು ಪ್ರಾಮಾಣಿಕವಾಗಿ ಅಳೆದೆ ಎಂದರೆ ನೆನೆದರೆ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ. ಹುರಿ ಒದ್ದೆಯಾದರೆ ಕುಗ್ಗುತ್ತದೆಂದು ಇಬ್ಬನಿ ಆರುವ ತನಕ ಕಾಯುತ್ತಿದ್ದೆ. ತೊಗಟೆ ಎದ್ದಲ್ಲಿ ಸವರಿ ಸುತ್ತುತ್ತಿದ್ದೆ. ಮರದ ದಪ್ಪ ಗಂಟಿಗೆ ಕೂದಲೆಳೆಯಷ್ಟು ಕಡಿಮೆಯಾದರೂ ನಮ್ಮ ಮನೆಯದೆಂದು ದಾಕ್ಷಿಣ್ಯ ತೋರಿಸಲಿಲ್ಲ. ಅತ್ತೆ ಆ ವಾರ ಚರಕಕ್ಕೆ ಹೋಗದೆ, ಒಂದು ಕೈಯಲ್ಲಿ ಜಾಜಿನ ಕುಡಿಕೆ, ಇನ್ನೊಂದರಲ್ಲಿ ಸುಣ್ಣದ ಕುಡಿಕೆ ಹಿಡಿದು ನನ್ನ ಹಿಂದೆ ಬರುತ್ತಿದ್ದಳು. ನಾನು "ಕೆಂಪು" ಎಂದರೆ ಕೆಂಪು ಚಾಚುತ್ತಿದ್ದಳು, "ಬಿಳಿ" ಎಂದರೆ ಬಿಳಿ. "ಇಲ್ಲ" ಎಂದಾಗ ಆ ಮರವನ್ನು ಅಂಗೈಯಿಂದ ಒಂದು ಸಲ ಮುಟ್ಟಿ ಮುಂದೆ ಬರುತ್ತಿದ್ದಳು. ಮೂರು ದಿನದಲ್ಲಿ ಆ ಮಾತನ್ನು ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಶಿವರಾತ್ರಿಯ ಹೊತ್ತಿಗೆ ಕಡಿದರು. ಗೀಟಿಲ್ಲದ ಮರಗಳನ್ನು ಸೌದೆಯ ದರದಲ್ಲಿ ಬರೆದುಕೊಂಡರು. ಆದರೆ ಸೌದೆಯನ್ನು ತುಂಡು ಮಾಡಲಿಲ್ಲ, ಉದ್ದಕ್ಕೇ ಲಾರಿಗೆ ಹೇರಿದರು. ಕೇಳಿದ್ದಕ್ಕೆ ರಾಮಯ್ಯ, "ಬೆಂಗಳೂರಲ್ಲಿ ಸೀಳಿಸ್ತೀವಿ ಸ್ವಾಮಿ, ಇಲ್ಲಿ ಕೂಲಿ ಜಾಸ್ತಿ" ಎಂದ. ಅದೇ ವಾರ ನನಗೆ ಬೆಂಗಳೂರಿನಲ್ಲಿ ಇಂಟರ್‌ವ್ಯೂ ಇತ್ತು. "ಬಸ್ ಚಾರ್ಜು ಯಾಕೆ ದಂಡ, ಲಾರೀಲಿ ಹೋಗಿ" ಎಂದವನೂ ಅವನೇ. ಅಷ್ಟು ಧೈರ್ಯ ಅವನಿಗೆ. ಆ ಸೌದೆಯ ಮೇಲೆಯೇ ಕೂತು ನಾನು ಬೆಂಗಳೂರಿಗೆ ಹೋದೆ.

ಲಾರಿ ಸೌದೆ ಡಿಪೋಗೆ ಹೋಗಲಿಲ್ಲ. ಮನೆ ಕಟ್ಟುವವರಿಗೆ ಗಳ ಮಾರುವ ಯಾರ್ಡಿಗೆ ಹೋಯಿತು. ಅಲ್ಲಿ ಒಂದು ಮೊಳೆಗೆ ಎರಡು ಕಬ್ಬಿಣದ ಬಳೆ ತೂಗುಹಾಕಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಯಾರ್ಡಿನವನು ಮರದ ಬುಡದ ಕಡೆಯಿಂದ ಬಳೆ ತೂರಿಸಿ ನೋಡುತ್ತಿದ್ದ. ಚಿಕ್ಕ ಬಳೆ ತೂರದಿದ್ದರೆ ಗಳ. ನಾನು "ಇಲ್ಲ" ಎಂದಿದ್ದ ಮರಗಳಿಗೆ ಅದು ತೂರುತ್ತಲೇ ಇರಲಿಲ್ಲ. ಒಂದಾದ ಮೇಲೊಂದನ್ನು ಅವನು ಗಳದ ರಾಶಿಗೆ ಎಸೆಯುತ್ತಿದ್ದ.

"ಅದು ಸೌದೆ ಅಲ್ವೇನಪ್ಪ?" ಎಂದೆ.

"ಸೌದೇನಾ? ಯಾವ ಕುರುಡ ಹೇಳಿದ್ದು? ರಾಮಯ್ಯನೋರು ಈ ಯಾರ್ಡಿಗೆ ಸೌದೆ ಕಳಿಸಿದ್ದೇ ಇಲ್ಲ."

ಆ ಕುರುಡ ನಾನು ಎಂದು ಹೇಳಲಿಲ್ಲ. ಇಂಟರ್‌ವ್ಯೂನಲ್ಲಿ ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂದು ಕೇಳಿದರು. ಪುಸ್ತಕದ ಉತ್ತರ ಹೇಳಿದೆ. ತಲೆಯಾಡಿಸಿದರು.

ವಾಪಸ್ಸು ಬಂದವನು ಮನೆಗೆ ಹೋಗದೆ ನೇರ ಚಿಕ್ಕಬಳ್ಳಾಪುರದ ಮಂಡಿಗೆ ಹೋದೆ. ಹಗಲು ಹೊತ್ತು, ಹತ್ತಾರು ಜನ ಗಾಡಿಯವರು, ನಾಲ್ಕಾರು ತೋಪಿನವರು ಇದ್ದರು. ಎಲ್ಲರಿಗೂ ಕೇಳಿಸಲಿ ಎಂದೇ ಕೂಗಿದೆ. ಕಳ್ಳ ಎಂದೆ, ಮುಂಡೇರ ಮನೆ ಹಾಳುಮಾಡಿದೋನು ಎಂದೆ, ಇನ್ನೂ ಏನೇನೋ ಎಂದೆ. ರಾಮಯ್ಯ ಉಗುಳಿ, ಬಾಯಿ ಒರೆಸಿಕೊಂಡು, ಮೆಲ್ಲಗೆ ಕೇಳಿದ.

"ಹುರಿ ಯಾರದು?"

ಉತ್ತರವನ್ನೂ ಅವನೇ ಹೇಳಿದ.

"ನಿಮ್ದು. ಗಂಟು ಹಾಕಿದೋರು? ನೀವು. ಕೈ ನಿಮ್ದು, ಎದೆ ನಿಮ್ದು. ನಾನು ತೋಪಿನ ಒಳಗೆ ಕಾಲೇ ಇಡ್ಲಿಲ್ಲ. ಎದೆಮಟ್ಟ ಅಂದೆ, ಯಾರ ಎದೆ ಅಂತ ನೀವೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ತಾಟಿಚೆಟ್ಟು ನಿಮಗಿಂತ ಎರಡು ಬೆರಳು ಗಿಡ್ಡ ಕಣ್ರೀ! ಅವನನ್ನೇ ಬಿಟ್ಟಿದ್ರೆ ನಿಮ್ಮತ್ತೆಗೆ ಇನ್ನೊಂದು ನಾಲ್ಕು ಗಳ ಸಿಕ್ತಿತ್ತು."

ಗಾಡಿಯವರು ನಕ್ಕರು. ತೋಪಿನವರೂ ನಕ್ಕರು. ಅವರ ನಗು ಈಗಲೂ ಮೈ ಉರಿಸುತ್ತದೆ, ಯಾಕೆಂದರೆ ಅವರೆಲ್ಲರ ಮರವೂ ಅದೇ ಎತ್ತರದಲ್ಲಿ ಸೌದೆಯಾಗಿತ್ತು.

"ಸರ್ಕಾರಕ್ಕೆ ಬರೀತೀನಿ" ಎಂದೆ.

"ಬರೀರಿ. ಯಾವ ಇಲಾಖೆಗೆ? ಎದೆ ಇಲಾಖೆಗಾ?"

ಅವನ ಅಂಗಡಿಯ ತಕ್ಕಡಿಗೆ ಹೊಸ ಮುದ್ರೆ ಹೊಳೆಯುತ್ತಿತ್ತು. ಎದೆಗೆ ಮುದ್ರೆ ಒತ್ತುವವರು ಇರಲಿಲ್ಲ. ಆಮೇಲೆ ನಾನು ಎಷ್ಟೋ ಲೇಖನ ಬರೆದೆ, ಸಣ್ಣ ಬೆಳೆಗಾರ, ಮಧ್ಯವರ್ತಿ, ಲಾಭದ ಹಂಚಿಕೆ ಎಂದೆಲ್ಲ. ಒಂದರಲ್ಲೂ ಈ ಪ್ರಶ್ನೆಗೆ ಉತ್ತರ ಬರೆಯಲಾಗಲಿಲ್ಲ. ಹತ್ತಾಣೆ ಆರಾಣೆ ಎಂದು ಕಾಗದದಲ್ಲಿ ಎಷ್ಟು ಬೇಕಾದರೂ ಹಂಚಬಹುದು. ಹುರಿ ಯಾವ ಎತ್ತರಕ್ಕೆ ಸುತ್ತಿದರು ಎಂದು ನೋಡಲು ತೋಪಿಗೆ ಹೋಗಬೇಕು. ನಾನು ತೋಪಿನಲ್ಲೇ ಇದ್ದು ನೋಡದವನು.

ಅತ್ತೆಗೆ ಹೇಳುವಾಗ ಅಳು ಬಂತೆಂದು ನೆನಪು, ಅದೂ ಸುಳ್ಳಿರಬಹುದು. ಅವಳು ರಾಗಿ ಬೀಸುತ್ತಿದ್ದಳು. ಕಲ್ಲು ನಿಲ್ಲಿಸದೆ ಕೇಳಿಸಿಕೊಂಡಳು.

"ನನಗೆ ಗೊತ್ತಿತ್ತು ಕಣಪ್ಪ."

"ಏನ್ ಗೊತ್ತಿತ್ತು?"

"ನೀನು ಹುರಿ ಸುತ್ತೋವಾಗ ನಿನ್ನ ಕೈ ನನ್ನ ಹಣೆ ನೇರಕ್ಕಿತ್ತು. ಇದೇನು ಇಷ್ಟು ಮೇಲೆ ಸುತ್ತುತಾನೆ ಅಂದ್ಕೊಂಡೆ."

"ಮತ್ಯಾಕತ್ತೆ ಹೇಳ್ಲಿಲ್ಲ?"

"ಓದಿದೋನು. ನಿನಗೆ ಗೊತ್ತಿರ್ತದೆ ಅಂದ್ಕೊಂಡೆ."

ಅವಳು ಅದನ್ನು ಚುಚ್ಚಲು ಹೇಳಿದ್ದಲ್ಲ. ಚುಚ್ಚಿದ್ದರೆ ಮರೆಯಬಹುದಿತ್ತು. ನೆಟ್ಟವಳು ಅವಳು, ನೀರು ಹೊತ್ತವಳು ಅವಳು. ಎದೆಮಟ್ಟ ಎಂದರೆ ಅವಳ ಎದೆಯ ಮಟ್ಟ ಯಾಕಾಗಬಾರದು ಎಂದು ಒಂದು ಮಾತು ಕೇಳಲು ಬಾಯಿದ್ದವನು ನಾನೊಬ್ಬನೇ. ಆ ಬಾಯಿಯಲ್ಲಿ ಮೂರು ದಿನ "ಇಲ್ಲ, ಇಲ್ಲ" ಎಂದೆ.

ಆರಾಳು ತೋಡಿದರೆ ನೀರು ಎಂದು ನಮ್ಮ ಸುತ್ತಿನಲ್ಲಿ ಅಂದಾಜಿತ್ತು. ಆಳು ಎಂದರೆ ಒಬ್ಬ ಮನುಷ್ಯನ ಎತ್ತರ. ಬಾವಿಯನ್ನು ಹಾಗೆಯೇ ಅಳೆಯುತ್ತಿದ್ದರು, ಕೂಲಿಯನ್ನೂ ಆಳಿಗೆ ಇಷ್ಟು ಎಂದೇ ಮಾತಾಡುತ್ತಿದ್ದರು. ಮರದ ಹಣ ಸರಿಯಾಗಿ ಬಂದಿದ್ದರೆ ಏಳಾಳಿಗೆ ಸಾಕಾಗುತ್ತಿತ್ತು. ಬಂದದ್ದು ಐದಾಳಿಗೆ. ಕಲ್ಲು ಕಟ್ಟಲು ಬೇರೆ ದಾರಿ ನೋಡಬೇಕಿತ್ತು.

ಬಾವಿ ತೋಡಲು ಮುರುಗಮಲ್ಲದ ಕಡೆಯಿಂದ ಓಬಳಪ್ಪ, ಅವನ ಹೆಂಡತಿ, ಇನ್ನು ನಾಲ್ಕು ಜನ ಬಂದರು. ಮನೆಮಾತು ತೆಲುಗು, ನಮ್ಮ ಜೊತೆ ಅರ್ಧ ಕನ್ನಡ. ಓಬಳಪ್ಪ ಗಿಡ್ಡ ಮನುಷ್ಯ, ನನ್ನ ಎದೆಗೆ ಸ್ವಲ್ಪ ಮೇಲೆ ಬರುತ್ತಿದ್ದ. ಕೂಲಿ ಮಾತಾಡುವ ದಿನ ಅತ್ತೆ ಅವನನ್ನು ಸುಮ್ಮನೆ ಗೋಡೆಗೆ ನಿಲ್ಲಿಸಿ ಇದ್ದಿಲಲ್ಲಿ ಗೀಟು ಹಾಕಿದಳು. ಪಕ್ಕಕ್ಕೆ ನನ್ನನ್ನು ನಿಲ್ಲಿಸಿ ಇನ್ನೊಂದು ಗೀಟು. ಆಮೇಲೆ ಒಂದು ಕಡ್ಡಿ ಹಿಡಿದು ಎರಡನ್ನೂ ಮೇಲಿನಿಂದ ಕೆಳಗೆ ಅಳೆದಳು, ತುಟಿಯಲ್ಲೇ ಎಣಿಸಿದಳು. ಅವನ ಆರಾಳು ನನ್ನ ಐದಾಳಿಗೆ ಸಮ. ಎಂ.ಎ. ಮಾಡಿದವನು ನಾನು, ಲೆಕ್ಕ ಹಾಕಿದವಳು ಅವಳು.

"ಆಳು ಅಂದ್ರೆ ನಮ್ಮ ನಾರಾಯಣಪ್ಪನಾಳು" ಎಂದಳು. "ಒಪ್ಪಿದ್ರೆ ಹಾರೆ ಹಾಕು, ಇಲ್ದಿದ್ರೆ ಬೇರೆ ಊರು ನೋಡ್ಕೋ."

ಓಬಳಪ್ಪ ಕತ್ತೆತ್ತಿ ನನ್ನನ್ನು ನೋಡಿದ. "ಈ ಸಾರು ಆಳಲ್ಲಮ್ಮಾ, ಆಳೂಕಾಲು" ಎಂದ. ಎಲ್ಲರೂ ನಕ್ಕರು. ಬೇಸಿಗೆ, ಬೇರೆ ಕೆಲಸವಿರಲಿಲ್ಲ, ಒಪ್ಪಿಕೊಂಡ. ನಾನೂ ನಕ್ಕೆ. ಖುಷಿಯಾಗಿದ್ದೆ. ಅತ್ತೆಯನ್ನು ಮುಳುಗಿಸಿದ ಎತ್ತರ ಈಗ ಅತ್ತೆಯ ಕೈಗೆ ಬಂತಲ್ಲ ಎಂದು ಎದೆಯುಬ್ಬಿಸಿದೆ.

ಒಂದೊಂದು ಆಳು ಮುಗಿಯುವ ಹೊತ್ತಿಗೆ ನನ್ನನ್ನು ಕೂಗುತ್ತಿದ್ದರು. ನಾನು ಇಳಿದು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಹಿಂದಿನ ಗೀಟಿನ ನೇರಕ್ಕೆ ನನ್ನ ನೆತ್ತಿ ಬಂದರೆ ಒಂದಾಳು ಪೂರ್ತಿ. ಆಗ ನೆಲದ ಮಟ್ಟದಲ್ಲಿ ಹೊಸ ಗೀಟು ಕೊರೆದು ಮುಂದಿನ ಆಳು ಶುರು. ಮೊದಲ ಎರಡು ಮಣ್ಣಿನಲ್ಲೇ ಹೋದವು, ಅಲ್ಲಿ ಆಮೇಲೆ ಕಲ್ಲು ಕಟ್ಟಿದರು. ಮೂರನೆಯದರ ಕೊನೆಗೆ ಬಂಡೆ ಸಿಕ್ಕಿತು. ನಾಲ್ಕನೆಯದು ಪೂರಾ ಬಂಡೆ. ಹಾರೆಯ ಮೂತಿ ದಿನಕ್ಕೆ ಎರಡು ಸಲ ಮಡಚಿಕೊಳ್ಳುತ್ತಿತ್ತು. ಓಬಳಪ್ಪನ ಹೆಂಡತಿ ತಲೆಯ ಮೇಲೆ ಚೂರುಕಲ್ಲಿನ ಮಂಕರಿ ಹೊತ್ತು ಮೆಟ್ಟಿಲು ಹತ್ತಿ ಹತ್ತಿ ಕತ್ತಿನ ನರ ಉಬ್ಬಿಸಿಕೊಂಡಿದ್ದಳು. ಬಂಡೆಗೂ ಕೂಲಿ ಅಷ್ಟೇ, ಮಣ್ಣಿಗೂ ಅಷ್ಟೇ.

ನಾಲ್ಕನೆಯ ಆಳಿಗೆ ಕರೆದಾಗ ಇಳಿದು ನಿಂತೆ. ನನ್ನ ತಲೆ ಗೀಟಿಗಿಂತ ಒಂದು ಗೇಣು ಮೇಲಿತ್ತು. ಇನ್ನೂ ಒಂದು ಗೇಣು ಬಂಡೆ ಬಾಕಿ. ಎಂದರೆ ಇನ್ನೂ ಎರಡು ದಿನ.

ಓಬಳಪ್ಪ ಮೇಲೆ ನೋಡಿದ. ಅತ್ತೆ ಬಾವಿಯ ಅಂಚಿನ ಹತ್ತಿರ ನಿಂತಿದ್ದಳು. ಅವನು ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಸಾರೂ, ಕೊಂಚ ವಂಗಿ, ಬಗ್ಗಿ ನಿಲ್ಲಿ ಸಾರೂ. ಒಂದೇ ಗೇಣು. ಮಂಡಿ ಮಡಿಸಿದ್ರೆ ಮೇಲಿಂದ ಕಾಣಿಸಲ್ಲ."

ಅವನ ಹೆಂಡತಿ ಮಂಕರಿ ಇಳಿಸಿ, ಮುಖದ ಬೆವರು ಸೆರಗಲ್ಲಿ ಒತ್ತಿಕೊಂಡು, "ಈ ಸಾರಿಗೆ ಅವರಮ್ಮ ಏನು ತಿನ್ನಿಸಿ ಬೆಳೆಸಿದ್ಲೋ ದೇವ್ರೇ" ಎಂದಳು.

ಮೇಲಿನಿಂದ ಅತ್ತೆಗೆ ಅಷ್ಟು ಕೇಳಿಸಿತು. "ನಾನೇ ಕಣಮ್ಮ ಬೆಳೆಸಿದ್ದು. ರಾಗಿಮುದ್ದೆ ತಿನ್ನಿಸಿ! ನೆಟ್ಟಗೆ ನಿಂತ್ಕೊಳೋ ನಾರಾಯಣಪ್ಪ!"

ಇಲ್ಲಿಗೆ ಬಂದಾಗ ನಾನು ತರಗತಿಯಲ್ಲಿ ಸೀಮೆಸುಣ್ಣ ಕೆಳಗಿಡುತ್ತಿದ್ದೆ. ಆಮೇಲೆ ಹೇಳುತ್ತಿದ್ದೆ: ನಾನು ಮಂಡಿ ಮಡಿಸಿದೆ. ಒಂದು ಗೇಣು ಬಗ್ಗಿದೆ. ರಾಮಯ್ಯ ಅತ್ತೆಗೆ ಮಾಡಿದ್ದನ್ನು ನಾನು ಓಬಳಪ್ಪನಿಗೆ ಮಾಡಲಿಲ್ಲ. ಅಲ್ಲಿ ಚಪ್ಪಾಳೆ.

ಐದನೆಯ ಆಳಿನ ಕೊನೆಗೆ, ಬಂಡೆಯ ಸೀಳಿನಿಂದ ನೀರು ಬಂತು. ಅದು ಎಲ್ಲರೂ ಕಂಡದ್ದು, ಅದರಲ್ಲಿ ಅನುಮಾನವಿಲ್ಲ. ಅತ್ತೆ ಕೈಯದ್ದಿ, "ತಣ್ಣಗಿದೆಯೇನೋ?" ಎಂದು ನನ್ನನ್ನು ಕೇಳಿದಳು. ಅವಳ ಬೆರಳಿಗೆ ತಿಳಿಯಲಿಲ್ಲ. ತಣ್ಣಗಿತ್ತು. ಓಬಳಪ್ಪನವರು ಐದಾಳಿನ ಕೂಲಿ ತೆಗೆದುಕೊಂಡು ಚಿಂತಾಮಣಿಯ ಬಸ್ಸು ಹತ್ತಿದರು. ಜೂನಿನಲ್ಲಿ ನನಗೆ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು, ಕಾಲೇಜು ಆಮೇಲೆ. ಅತ್ತೆ ಮತ್ತೆ ಚರಕಕ್ಕೆ ಹೋಗಲಿಲ್ಲ. ಜಯಮ್ಮ ಒಂದು ದಿನವೂ ಹೋಗಲಿಲ್ಲ. ಬೋರ್‌ವೆಲ್ಲುಗಳು ಬರುವವರೆಗೂ ಆ ಬಾವಿ ಅವರನ್ನು ಸಾಕಿತು.

ಈಗ ಅದರ ಮೆಟ್ಟಿಲುಗಳಲ್ಲಿ ಲಂಟಾನ ಬೆಳೆದಿತ್ತು. ಜಯಮ್ಮ ಬೇಡ ಬೇಡ ಎನ್ನುತ್ತಿದ್ದಳು. ಕುಡುಗೋಲಿನಿಂದ ಗಿಡ ಸವರಿಸಿಕೊಂಡು, ಕೂತು ಕೂತು ಒಂದೊಂದೇ ಮೆಟ್ಟಿಲು ಇಳಿದೆ. ಕಟ್ಟಿದ ಕಲ್ಲು ಮುಗಿದು ಬಂಡೆ ಶುರುವಾದಲ್ಲಿ ಮೂರನೆಯ ಗೀಟು ಸಿಕ್ಕಿತು. ಉಳಿಯಲ್ಲಿ ಕೊರೆದದ್ದು, ಪಾಚಿ ಒಣಗಿ ಕಪ್ಪಾಗಿತ್ತು. ಅದರ ನೇರ ಕೆಳಗೆ, ಮೆಟ್ಟಿಲು ತಿರುಗುವ ಕಡೆ, ನಾಲ್ಕನೆಯದು. ಟೇಪಿನ ಕೊಂಡಿಯನ್ನು ಮೇಲಿನ ಗೀಟಿಗೆ ಸಿಕ್ಕಿಸಿ ಕೆಳಕ್ಕೆ ಎಳೆದೆ. ಕನ್ನಡಕ ಒರೆಸಿ ಓದಿದೆ. ಬಗ್ಗಿದ್ದರೆ ಐದೂವರೆ ಅಡಿಯ ಆಸುಪಾಸು ಇರಬೇಕಿತ್ತು.

ಆರಡಿ ಎರಡಂಗುಲ.

ಇನ್ನೊಂದು ಸಲ ಅಳೆದೆ. ನಾನೇ ಅಳೆದೆ, ಟೇಪು ನನ್ನದು, ಕೈ ನನ್ನದು.

"ಏನ್ ಬಾವಾ, ಎಷ್ಟಿದೆ?" ಮೇಲಿನಿಂದ ಜಯಮ್ಮ ಕೂಗಿದಳು.

ಹೇಳಿದೆ.

"ಅದೇ ಮತ್ತೆ!" ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಅಮ್ಮ ಸಾಯೋವರ್ಗೂ ಹೇಳ್ತಿದ್ಲು. ಆ ತೋಡೋರು ಎಷ್ಟು ಗೋಗರೆದ್ರೂ ನಮ್ಮ ನಾರಾಯಣಪ್ಪ ಒಂದು ಗೇಣು ಬಗ್ಗಲಿಲ್ಲ, ಅದಕ್ಕೇ ನೀರು ಬಂತು ಅಂತ."

ಬಂಡೆಗೆ ಬೆನ್ನು ಕೊಟ್ಟು ಆ ಹಳೆಯ ಗೀಟಿನ ಕೆಳಗೆ ನಿಂತೆ. ವಯಸ್ಸಿಗೆ ಕುಗ್ಗಿದ್ದೇನೆ, ನೆತ್ತಿ ಗೀಟಿಗೆ ಮುಟ್ಟಲಿಲ್ಲ. ಆದರೂ ಮಂಡಿಯನ್ನು ಸ್ವಲ್ಪ ಮಡಿಸಿ ನೋಡಿದೆ, ಒಂದು ಗೇಣಿನಷ್ಟು. ಈ ಮುದಿ ಮಂಡಿಯೂ ಅದಕ್ಕೆ ನೋಯಲಿಲ್ಲ.